ದಮ್ಮು ಯಾರ ಸ್ವತ್ತು? ದೂರದ ಓಟದ ಚರಿತ್ರೆ ಮತ್ತು ವಂಶವಾಹಿಯ ಪ್ರಶ್ನೆ



ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಬೋನಾಳ ಎಂಬ ಊರಿದೆ. ಸುರಪುರದ ನಾಯಕ ಅರಸರ ಕಾಲದ ಅಲ್ಲಿನ ಕೆರೆ ಇಂದು ಪಕ್ಷಿಧಾಮವಾಗಿದೆ. ಚಳಿಗಾಲ ಬಂತೆಂದರೆ ಬೋನಾಳಕ್ಕೂ ಕರ್ನಾಟಕದ ಇನ್ನಿತರ ಕೆರೆಗಳಿಗೂ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಧ್ಯ ಏಷ್ಯಾ, ಟಿಬೆಟ್‌ಗಳಲ್ಲಿ ಮರಿಮಾಡುವ ಈ ಹಕ್ಕಿ ಹಿಮಾಲಯವನ್ನು ದಾಟಿ ನಮ್ಮ ನಾಡಿಗೆ ಇಳಿಯುತ್ತದೆ. ಅದು ಹಾರುವ ಎತ್ತರ ಕೆಲವೊಮ್ಮೆ ಆರು ಸಾವಿರ ಮೀಟರನ್ನೂ ಮೀರುತ್ತದೆ. ಅಲ್ಲಿ ಗಾಳಿ ಅಷ್ಟು ತೆಳು, ಆಮ್ಲಜನಕ ಅಷ್ಟು ಕಡಿಮೆ. ಆದರೂ ಅದು ರೆಕ್ಕೆ ಬಡಿಯುತ್ತಲೇ ಇರುತ್ತದೆ.

ಈ ಹಕ್ಕಿಗೆ ಇಷ್ಟು ದಮ್ಮು ಎಲ್ಲಿಂದ ಬಂತು? ವಿಜ್ಞಾನಿಗಳು ಅದರ ರಕ್ತವನ್ನು ಪರೀಕ್ಷಿಸಿದ್ದಾರೆ. ಅದರ ಹಿಮೋಗ್ಲೋಬಿನ್‌ನಲ್ಲಿ ಆಗಿರುವ ಸಣ್ಣ ಮಾರ್ಪಾಡಿನಿಂದಾಗಿ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಶಕ್ತಿ ಅದಕ್ಕಿದೆ. ಆ ಮಾರ್ಪಾಡು ಇರುವುದು ಅದರ ವಂಶವಾಹಿಯಲ್ಲಿ. ತಾಯಿತಂದೆಯಿಂದ ಮರಿಗೆ ಅದು ತಾನಾಗಿಯೇ ಬರುತ್ತದೆ.

ಹಕ್ಕಿಯ ಮಾತು ಹೀಗಾದರೆ ಮನುಷ್ಯನ ಮಾತೇನು? ಕೆಲವರು ದೂರ ಓಡುವುದಕ್ಕೆಂದೇ ಹುಟ್ಟಿದ್ದಾರೆಯೇ? "ಅದು ಅವರ ರಕ್ತದಲ್ಲೇ ಇದೆ" ಎಂಬ ಮಾತನ್ನು ನೀವೂ ಕೇಳಿರಬಹುದು. ಕೀನ್ಯಾದ ಓಟಗಾರರ ಬಗ್ಗೆ, ನಮ್ಮ ಕಾಡಿನ ಜನರ ಬಗ್ಗೆ, 1705ರಲ್ಲಿ ವಾಗಿನಗೇರಿಯಲ್ಲಿ ಔರಂಗಜೇಬನ ಕೊನೆಯ ಮುತ್ತಿಗೆಯನ್ನು ಎದುರಿಸಿದ ಬೇಡರ ಪಡೆಯ ಬಗ್ಗೆ ಜನ ಹೀಗೆ ಹೇಳುವುದುಂಟು. ಈ ಮಾತು ಹೊಗಳಿಕೆಯಂತೆ ಕೇಳಿಸುತ್ತದೆ. ಆದರೆ "ನಿನ್ನ ರಕ್ತದಲ್ಲಿ ಅದು ಇಲ್ಲ" ಎಂದು ಇನ್ನೊಂದು ಮಗುವನ್ನು ಮೈದಾನದಿಂದ ಆಚೆ ಕಳಿಸುವುದೂ ಇದೇ ಮಾತು. ಆದ್ದರಿಂದ ಚರಿತ್ರೆ ಮತ್ತು ವಿಜ್ಞಾನ ಎರಡನ್ನೂ ಸಾಕ್ಷಿಗೆ ಕರೆದು ಇದನ್ನು ವಿಚಾರಿಸೋಣ.

ಗಂಟೆ ಕೋಲಿನ ಓಟಗಾರರು

ಹಳಗನ್ನಡದಲ್ಲಿ ಹಂಸಕ್ಕೆ 'ಅಂಚೆ' ಎಂಬ ಹೆಸರಿತ್ತು. ಇಂದು ಅದೇ ಉಚ್ಚಾರದ ಪದವನ್ನು ನಾವು ಪತ್ರ ಸಾಗಿಸುವ ವ್ಯವಸ್ಥೆಗೆ ಬಳಸುತ್ತೇವೆ. ಮೈಸೂರಿನ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಗುವವರೆಗೆ ನಡೆಯಿತು. ರೈಲು, ಮೋಟಾರುಗಳು ಇಲ್ಲದ ಆ ದಿನಗಳಲ್ಲಿ ಸುದ್ದಿಯೆಂಬುದು ಬಹುಮಟ್ಟಿಗೆ ಮನುಷ್ಯನ ಕಾಲುಗಳನ್ನೇ ನಂಬಿಕೊಂಡಿತ್ತು.

ದಖ್ಖನ್ನಿನಲ್ಲಿ ಈ ಕಾಲೋಟದ ಚರಿತ್ರೆ ಇನ್ನೂ ಹಿಂದಿನದು. 1333ರಲ್ಲಿ ಭಾರತಕ್ಕೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ, ಮಹಮದ್ ಬಿನ್ ತುಘಲಕ್‌ನ ಕಾಲ್ನಡೆ ಅಂಚೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮೈಲಿಯ ಮೂರನೇ ಒಂದು ಭಾಗಕ್ಕೆ ಒಂದರಂತೆ ಓಟಗಾರರ ಠಾಣೆಗಳಿದ್ದವು. ಓಟಗಾರನ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತುದಿಗೆ ತಾಮ್ರದ ಗಂಟೆ ಕಟ್ಟಿದ ಎರಡು ಮೊಳದ ಕೋಲು. ಮುಂದಿನ ಠಾಣೆಯವನು ಗಂಟೆಯ ಸದ್ದು ಕೇಳಿದೊಡನೆ ನಡುಕಟ್ಟಿ ಸಿದ್ಧನಾಗುತ್ತಿದ್ದ, ಪತ್ರ ಕೈಗೆ ಬಂದದ್ದೇ ತಡ ಓಡುತ್ತಿದ್ದ. ಈ ಅಂಚೆ ಕುದುರೆಯ ಅಂಚೆಗಿಂತಲೂ ವೇಗವಾಗಿತ್ತು ಎಂದು ಬತೂತ ಹೇಳುತ್ತಾನೆ. ಸುಲ್ತಾನನು ದೌಲತಾಬಾದಿನಲ್ಲಿದ್ದಾಗ ನಲವತ್ತು ದಿನಗಳ ಹಾದಿಯಾಚೆಯಿಂದ ಗಂಗೆಯ ನೀರು ಅವನಿಗೆ ಹೀಗೆಯೇ ಬರುತ್ತಿತ್ತಂತೆ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಯಾವೊಬ್ಬ ಓಟಗಾರನೂ ನಲವತ್ತು ದಿನದ ಹಾದಿಯನ್ನು ಒಬ್ಬನೇ ಓಡಲಿಲ್ಲ. ಪ್ರತಿಯೊಬ್ಬನ ಪಾಲಿಗೆ ಬಂದದ್ದು ಸ್ವಲ್ಪವೇ ದೂರ. ಕುದುರೆಯನ್ನು ಮೀರಿಸಿದ್ದು ಠಾಣೆ, ಸರದಿ, ಕಾಯುವಿಕೆ, ಕಟ್ಟುನಿಟ್ಟು ಇವೆಲ್ಲ ಸೇರಿದ ವ್ಯವಸ್ಥೆ. ಆ ಠಾಣೆಗಳಲ್ಲಿ ನಿಂತವರು ಆಯಾ ಊರುಗಳ ಸಾಮಾನ್ಯ ಜನ. ಅವರ ಹೆಸರುಗಳನ್ನು ಚರಿತ್ರೆ ಉಳಿಸಲಿಲ್ಲ.

ಪುಣೆಯಿಂದ ಆಂಟ್‌ವರ್ಪ್‌ಗೆ

ಹೆಸರು ಉಳಿದ ಓಟಗಾರರನ್ನು ಕಾಣಬೇಕಾದರೆ ನಾವು ಇಪ್ಪತ್ತನೆಯ ಶತಮಾನಕ್ಕೆ ಬರಬೇಕು. ಆಗ ಬೆಳಗಾವಿ, ಹುಬ್ಬಳ್ಳಿಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಪುಣೆಯ ಡೆಕ್ಕನ್ ಜಿಮ್‌ಖಾನಾ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉದ್ಯಮಿ ದೊರಾಬ್ಜಿ ಟಾಟಾ. 1919ರಲ್ಲಿ ಅಲ್ಲಿ ನಡೆದ ಕ್ರೀಡಾಕೂಟದಲ್ಲಿ ಹಳ್ಳಿಯಿಂದ ಬಂದ ರೈತಾಪಿ ಯುವಕರು ದೂರದ ಓಟಗಳಲ್ಲಿ ಬರಿಗಾಲಲ್ಲಿ ಓಡಿದರು. ಅವರಿಗೆ ತರಬೇತಿ ಎಂಬುದೇ ಇರಲಿಲ್ಲ. ಓಟದ ನಿಯಮಗಳೂ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಕೆಲವರ ಓಟದ ಕಾಲವನ್ನು ಲೆಕ್ಕ ಹಾಕಿದಾಗ ಅದು ಯೂರೋಪಿನ ಓಟಗಾರರ ಕಾಲಕ್ಕೆ ಸಮೀಪವಾಗಿರುವುದು ದೊರಾಬ್ಜಿಯವರಿಗೆ ಕಂಡುಬಂತು. ಇವರನ್ನು ಒಲಿಂಪಿಕ್ಸ್‌ಗೆ ಏಕೆ ಕಳಿಸಬಾರದು ಎಂಬ ಆಲೋಚನೆ ಹುಟ್ಟಿದ್ದು ಆಗ.

ಮುಂಬಯಿ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವಿನಿಂದ ಅನುಮತಿ ದೊರಕಿತು. ಆಯ್ಕೆ ಪಂದ್ಯಗಳು ನಡೆದವು. 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ನಗರಕ್ಕೆ ಆರು ಮಂದಿ ಭಾರತೀಯರು ಹೊರಟರು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಓಟಗಾರರಲ್ಲಿ ಬಂಗಾಳದ ಪೂರ್ಮಾ ಬ್ಯಾನರ್ಜಿ ಕಡಿಮೆ ದೂರದ ಓಟದವರು. ಸಾತಾರದ ಸದಾಶಿವ ದಾತಾರ್, ಹುಬ್ಬಳ್ಳಿಯ ಎಚ್. ಡಿ. ಕೈಕಾಡಿ, ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗಲೆ ದೂರದ ಓಟದವರು. ಸ್ವಾತಂತ್ರ್ಯಕ್ಕೆ 27 ವರ್ಷ ಮೊದಲು ಭಾರತದಿಂದ ಹೊರಟ ಆ ಪುಟ್ಟ ತಂಡದಲ್ಲಿ ನಮ್ಮ ಇಂದಿನ ಕರ್ನಾಟಕದ ಇಬ್ಬರು ಇದ್ದರು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

1920ರ ಆಗಸ್ಟ್ 22ರಂದು ಮ್ಯಾರಥಾನ್ ಓಟ ನಡೆಯಿತು. ಇಂದಿನ ಮ್ಯಾರಥಾನ್ 42.195 ಕಿಲೋಮೀಟರ್. ಆಂಟ್‌ವರ್ಪ್‌ನ ಹಾದಿ ಅದಕ್ಕಿಂತ ಉದ್ದ, 42.75 ಕಿಲೋಮೀಟರ್. ಒಲಿಂಪಿಕ್ಸ್ ಚರಿತ್ರೆಯಲ್ಲೇ ಅದು ಅತಿ ಉದ್ದದ ಮ್ಯಾರಥಾನ್. ದಾತಾರ್ ಓಟವನ್ನು ಮುಗಿಸಲಾಗಲಿಲ್ಲ. ಚೌಗಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೆಯವರಾದರು.

ಈ ಅಂಕಿಯ ಅರ್ಥ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಮಾಡಿ. ಕಿಲೋಮೀಟರಿಗೆ ಸುಮಾರು 4 ನಿಮಿಷದಂತೆ ಅವರು ಓಡಿದರು. 400 ಮೀಟರಿನ ಮೈದಾನವನ್ನು 96 ಸೆಕೆಂಡಿನಲ್ಲಿ ಒಂದು ಸುತ್ತು ಬನ್ನಿ. ಬಹಳ ಕಷ್ಟವೇನಲ್ಲ, ನಿಮ್ಮಲ್ಲಿ ಅನೇಕರು ಬರಬಲ್ಲಿರಿ. ಈಗ ಅದೇ ವೇಗದಲ್ಲಿ, ಎಲ್ಲಿಯೂ ನಿಲ್ಲದೆ, ಇನ್ನೂ 106 ಸುತ್ತು ಬನ್ನಿ. ಚೌಗಲೆಯವರು ಮಾಡಿದ್ದು ಅದನ್ನು.

ಅಂದು ಗೆದ್ದವನು ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮಾಯ್ನೆನ್. ಅವನ ಕಾಲ 2 ಗಂಟೆ 32 ನಿಮಿಷ 35 ಸೆಕೆಂಡು, ಅಂದರೆ ಕಿಲೋಮೀಟರಿಗೆ 3 ನಿಮಿಷ 34 ಸೆಕೆಂಡು. ಇಬ್ಬರ ನಡುವಣ ಅಂತರ 18 ನಿಮಿಷ. ಕೊಲೆಹ್ಮಾಯ್ನೆನ್ 1912ರ ಒಲಿಂಪಿಕ್ಸ್‌ನಲ್ಲೇ ಮೂರು ಚಿನ್ನ ಗೆದ್ದವನು. ಅವನ ಹಿಂದೆ ವರ್ಷಗಳ ಪಳಗಿಕೆ ಇತ್ತು, ದೊಡ್ಡ ಸ್ಪರ್ಧೆಗಳ ಅನುಭವ ಇತ್ತು. ಆ 18 ನಿಮಿಷಗಳಲ್ಲಿ ರಕ್ತದ ಪಾಲೆಷ್ಟು, ಈ ಪಳಗಿಕೆಯ ಪಾಲೆಷ್ಟು? ಇದಕ್ಕೆ ಉತ್ತರವನ್ನು ಮುಂದಿನ ಚರಿತ್ರೆಯೇ ಕೊಡುತ್ತದೆ.

ಮಹಿಳೆಯರು ಕೊಟ್ಟ ಉತ್ತರ

1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರ 800 ಮೀಟರ್ ಓಟ ನಡೆಯಿತು. ಓಟದ ಕೊನೆಗೆ ಕೆಲವರು ದಣಿದದ್ದನ್ನೇ ಪತ್ರಿಕೆಗಳು ದೊಡ್ಡದು ಮಾಡಿದವು. ಹೆಣ್ಣಿನ ದೇಹಪ್ರಕೃತಿಗೆ ಇಷ್ಟು ದೂರ ಒಗ್ಗದು ಎಂದು ತೀರ್ಮಾನಿಸಿ ಆ ಓಟವನ್ನೇ ಕೈಬಿಡಲಾಯಿತು. ಅದು ಮತ್ತೆ ಬಂದದ್ದು 1960ರಲ್ಲಿ, ರೋಮ್ ನಗರದಲ್ಲಿ. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಸೇರಿದ್ದಂತೂ 1984ರಲ್ಲಿ.

ಆ ಮೊದಲ ಓಟವನ್ನು ಲಾಸ್ ಏಂಜಲೀಸ್‌ನಲ್ಲಿ ಗೆದ್ದವರು ಅಮೆರಿಕದ ಜೋನ್ ಬೆನೊಯ್ಟ್. ಅವರ ಕಾಲ 2 ಗಂಟೆ 24 ನಿಮಿಷ 52 ಸೆಕೆಂಡು, ಅಂದರೆ ಕಿಲೋಮೀಟರಿಗೆ 3 ನಿಮಿಷ 26 ಸೆಕೆಂಡು. 1920ರ ಪುರುಷ ಚಾಂಪಿಯನ್ನನ ವೇಗಕ್ಕಿಂತ ಇದು ಹೆಚ್ಚು.

64 ವರ್ಷಗಳಲ್ಲಿ ಮನುಷ್ಯನ ವಂಶವಾಹಿ ಬದಲಾಗುವುದಿಲ್ಲ. ಬದಲಾದದ್ದು ತರಬೇತಿ, ಆಹಾರ, ಪಾದರಕ್ಷೆ, ಹಾದಿ. ಎಲ್ಲಕ್ಕಿಂತ ಮುಖ್ಯವಾಗಿ, ಓಡಲು ಸಿಕ್ಕ ಅನುಮತಿ. ದೇಹಪ್ರಕೃತಿಯ ತೀರ್ಪು ಎಂದು ಮೂವತ್ತೆರಡು ವರ್ಷ ಹೇಳಿಕೊಂಡು ಬಂದದ್ದು ಕೇವಲ ಒಂದು ಸಮಿತಿಯ ತೀರ್ಪಾಗಿತ್ತು.

ನಮ್ಮ ದೇಶದ ಉದಾಹರಣೆಯನ್ನೂ ನೋಡಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಬಿಹಾರದ ಶಿವನಾಥ್ ಸಿಂಗ್ 2 ಗಂಟೆ 16 ನಿಮಿಷ 22 ಸೆಕೆಂಡಿನಲ್ಲಿ ಓಡಿ 11ನೆಯವರಾದರು. ಅವರು ಬೆಟ್ಟದ ನಾಡಿನವರಲ್ಲ, ಗಂಗಾ ಬಯಲಿನವರು. ಸೈನ್ಯ ಅವರನ್ನು ಪಳಗಿಸಿತ್ತು. 1978ರಲ್ಲಿ ಜಲಂಧರದಲ್ಲಿ ಅವರು ಸ್ಥಾಪಿಸಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆ ದಶಕಗಳ ಕಾಲ ಅಳಿಯದೆ ಉಳಿಯಿತು.

ಸಿದ್ದಿ ಮಕ್ಕಳ ಕಥೆ

ಇನ್ನು 'ರಕ್ತದಲ್ಲಿದೆ' ಎಂಬ ಮಾತನ್ನು ನಂಬಿ ಸರ್ಕಾರವೇ ಒಂದು ಯೋಜನೆ ಮಾಡಿದ ಸಂಗತಿಗೆ ಬರೋಣ. ಅದು ನಡೆದದ್ದು ನಮ್ಮ ಕರ್ನಾಟಕದಲ್ಲಿ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡುಗಳಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಅಂಚಿನಲ್ಲಿ ಸಿದ್ದಿಗಳು ವಾಸಿಸುತ್ತಾರೆ. ಇವರ ಪೂರ್ವಿಕರು ಆಫ್ರಿಕಾದವರು. ಅರಬ್ ವರ್ತಕರು ಮತ್ತು ಪೋರ್ಚುಗೀಸರು ಶತಮಾನಗಳ ಕಾಲ ಅವರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ಕೆಲವರು ದಖ್ಖನ್ನಿನ ಆಸ್ಥಾನಗಳಲ್ಲಿ ದೊಡ್ಡ ಪದವಿಗೇರಿದರು. ಅಹಮದನಗರದ ಮಲಿಕ್ ಅಂಬರ್, ವಿಜಯಪುರದ ಇಖ್ಲಾಸ್ ಖಾನ್ ಅಂಥವರು. ಗೋವೆಯಿಂದ ತಪ್ಪಿಸಿಕೊಂಡು ಬಂದ ಎಷ್ಟೋ ಜನ ಸಹ್ಯಾದ್ರಿಯ ಕಾಡುಗಳಲ್ಲಿ ನೆಲೆ ನಿಂತರು. ಅವರ ಮಕ್ಕಳು ಇಂದು ಕನ್ನಡ, ಕೊಂಕಣಿ, ಮರಾಠಿ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆತದ್ದು 2003ರಲ್ಲಿ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯ ಅಡಿಯಲ್ಲಿ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್ ತರಬೇತಿಗೆ ಆರಿಸಿಕೊಂಡಿತು. ಯೋಜನೆಯ ಹಿಂದಿನ ತರ್ಕ ಸರಳವಾಗಿತ್ತು. ಆಫ್ರಿಕಾದವರು ಜಗತ್ತಿನ ಓಟಗಳನ್ನೆಲ್ಲ ಗೆಲ್ಲುತ್ತಾರೆ, ಸಿದ್ದಿಗಳು ಆಫ್ರಿಕಾ ಮೂಲದವರು, ಆದ್ದರಿಂದ ಸಿದ್ದಿಗಳು ಭಾರತಕ್ಕೆ ಪದಕ ತರಬಲ್ಲರು. ಕಾಡಿನ ಹಳ್ಳಿಗಳಿಂದ ಮಕ್ಕಳು ದೂರದ ತರಬೇತಿ ಕೇಂದ್ರಗಳಿಗೆ ಹೋದರು. ಅವರಿಗೆ ಹೊಟ್ಟೆ ತುಂಬ ಊಟ, ಶೂ, ತರಬೇತುದಾರ, ಶಾಲೆ ಎಲ್ಲ ಒಟ್ಟಿಗೆ ಸಿಕ್ಕವು. ಫಲ ಬರಲಾರಂಭಿಸಿತು. ಕಮಲಾ ಬಾಬು ಸಿದ್ದಿ ಅವರಂಥವರು ದೇಶದ ಅಥ್ಲೆಟಿಕ್ಸ್‌ನಲ್ಲಿ ಹೆಸರು ಮಾಡಿದರು. ಕೆಲವರಿಗೆ ಕ್ರೀಡೆಯ ಮೂಲಕ ಉದ್ಯೋಗವೂ ದೊರಕಿತು.

ಆದರೆ 1993ರಲ್ಲಿ ಆ ಯೋಜನೆ ನಿಂತುಹೋಯಿತು. ಆರೇ ವರ್ಷ! ಹತ್ತು ಹನ್ನೆರಡು ವಯಸ್ಸಿನಲ್ಲಿ ಓಟಕ್ಕೆ ಬಂದ ಮಗು ಪೂರ್ಣ ಓಟಗಾರನಾಗಲು ಬೇಕಾದ ಕಾಲ ಅದಕ್ಕಿಂತ ಹೆಚ್ಚು. ಅನೇಕ ಮಕ್ಕಳು ಮರಳಿ ಊರು ಸೇರಿ ಹೊಲದ ಕೂಲಿಗೂ ಕಾಡಿನ ಕೆಲಸಕ್ಕೂ ಹೋದರು. ಅವರ ರಕ್ತ ಆರು ವರ್ಷಗಳಲ್ಲಿ ಬದಲಾಗಿರಲಿಲ್ಲ. ನಿಂತದ್ದು ಊಟ ಮತ್ತು ತರಬೇತಿ. ವರ್ಷಗಳ ನಂತರ ಮುಂಡಗೋಡ ಕಡೆ 'ಬ್ರಿಜಸ್ ಆಫ್ ಸ್ಪೋರ್ಟ್ಸ್' ಎಂಬ ಸಂಸ್ಥೆ ಸಿದ್ದಿ ಮಕ್ಕಳಿಗೂ ಆ ಭಾಗದ ಇತರ ಮಕ್ಕಳಿಗೂ ಓಟ ಕಲಿಸಲು ಮುಂದೆ ಬಂತು.

ಯೋಜನೆಯ ತರ್ಕದಲ್ಲೂ ಒಂದು ಬಿರುಕು ಇತ್ತು. 2011ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಸಿದ್ದಿಗಳ ವಂಶವಾಹಿಗಳ ಅಧ್ಯಯನವನ್ನು ಪ್ರಕಟಿಸಿದರು. ಅವರ ಆಫ್ರಿಕಾ ಮೂಲ ಮುಖ್ಯವಾಗಿ ಬಂಟು ಭಾಷೆಗಳನ್ನಾಡುವ ಜನರದು, ಅದರ ಜೊತೆಗೆ ಭಾರತದ ಮತ್ತು ಸ್ವಲ್ಪಮಟ್ಟಿಗೆ ಯೂರೋಪಿನ ಪಾಲೂ ಸೇರಿದೆ ಎಂದು ಕಂಡುಬಂತು. ಆದರೆ ಒಲಿಂಪಿಕ್ಸ್‌ನಲ್ಲಿ ದೂರದ ಓಟಗಳನ್ನು ಗೆಲ್ಲುವ ಕೀನ್ಯಾದವರಲ್ಲಿ ಬಹುಪಾಲು ಮಂದಿ ಬಂಟುಗಳಲ್ಲ. ಅವರು ಎತ್ತರದ ಪ್ರಸ್ಥಭೂಮಿಯ ಕಲೆಂಜಿನ್ ಜನ. ಆಫ್ರಿಕಾ ಒಂದು ಊರಲ್ಲ, ಖಂಡ. ಉಳಿದ ಜಗತ್ತಿನ ಜನರೆಲ್ಲರ ನಡುವೆ ಇರುವುದಕ್ಕಿಂತ ಹೆಚ್ಚಿನ ವಂಶವಾಹಿ ವೈವಿಧ್ಯ ಆ ಒಂದು ಖಂಡದಲ್ಲಿದೆ. ಬಣ್ಣ ನೋಡಿ ದಮ್ಮು ಅಳೆಯಲಾಗದು.

ಎತ್ತರದ ನಾಡಿನ ಗುಟ್ಟು

ಹಾಗಾದರೆ ಕಲೆಂಜಿನ್ನರ ಗುಟ್ಟೇನು? ಕೀನ್ಯಾದ ಇಟೆನ್ ಎಂಬ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಅಂಥಲ್ಲಿ ಹುಟ್ಟಿ ಬೆಳೆದ ದೇಹ ಕಡಿಮೆ ಆಮ್ಲಜನಕದಲ್ಲಿ ದುಡಿಯಲು ಒಗ್ಗಿಕೊಳ್ಳುತ್ತದೆ. ಕಲೆಂಜಿನ್ನರ ಮೀನಖಂಡ ತೆಳು. ಕಾಲಿನ ತುದಿಭಾಗ ಹಗುರವಾದಷ್ಟೂ ಪ್ರತಿ ಹೆಜ್ಜೆಗೆ ಖರ್ಚಾಗುವ ಶಕ್ತಿ ಕಡಿಮೆ. ಇದರಲ್ಲಿ ವಂಶವಾಹಿಯ ಪಾಲು ಇಲ್ಲವೆನ್ನಲಾಗದು.

ಅದರ ಜೊತೆಗೆ ಇಟೆನ್‌ನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಯನ್ನೂ ನೋಡಬೇಕು. 1976ರಲ್ಲಿ ಐರ್ಲೆಂಡಿನಿಂದ ಅಲ್ಲಿಗೆ ಬಂದ ಕಾಮ್ ಒ'ಕಾನಲ್ ಎಂಬ ಶಿಕ್ಷಕರು ದಶಕಗಳ ಕಾಲ ಅಲ್ಲಿನ ಮಕ್ಕಳಿಗೆ ಓಟ ಕಲಿಸಿದರು. ಇಥಿಯೋಪಿಯಾದ ಬೆಕೋಜಿ ಎಂಬ ಸಣ್ಣ ಊರಿನಲ್ಲಿ ಸೆಂತಾಯೆಹು ಎಶೆಟು ಎಂಬ ಶಾಲಾ ಮೇಷ್ಟರು ಅದೇ ಕೆಲಸ ಮಾಡಿದರು. ದೆರಾರ್ತು ತುಲು, ಕೆನೆನಿಸಾ ಬೆಕೆಲೆ, ತಿರುನೆಶ್ ದಿಬಾಬಾ ಮೂವರೂ ಆ ಊರಿನವರು, ಮೂವರೂ ಒಲಿಂಪಿಕ್ಸ್ ಚಿನ್ನ ಗೆದ್ದವರು. ಓಡಿದರೆ ಬದುಕು ಬದಲಾಗುತ್ತದೆ ಎಂಬುದನ್ನು ಆ ಊರುಗಳ ಮಕ್ಕಳು ನೆರೆಮನೆಯಲ್ಲೇ ಕಂಡರು. ಆ ನಂಬಿಕೆಯನ್ನು ಯಾವ ರಕ್ತಪರೀಕ್ಷೆಯೂ ತೋರಿಸದು.

ವಂಶವಾಹಿ ಹೇಳುವುದೇನು?

ಈಗ ವಂಶವಾಹಿಯನ್ನೇ ನೇರವಾಗಿ ವಿಚಾರಿಸೋಣ. ಅದಕ್ಕೆ ಪಾತ್ರವೇ ಇಲ್ಲ ಎನ್ನುವುದು ತಪ್ಪಾಗುತ್ತದೆ.

ಫಿನ್‌ಲೆಂಡಿನ ಈರೊ ಮ್ಯಾಂಟಿರಾಂಟ ಹಿಮದ ಮೇಲೆ ಜಾರುವ ದೂರದ ಸ್ಕೀ ಓಟದಲ್ಲಿ 1960 ಮತ್ತು 1964ರ ಒಲಿಂಪಿಕ್ಸ್‌ಗಳಲ್ಲಿ ಒಟ್ಟು ಮೂರು ಚಿನ್ನ ಗೆದ್ದವನು. ಅವನ ರಕ್ತದಲ್ಲಿ ಕೆಂಪುಕಣಗಳು ಅಸಾಧಾರಣವಾಗಿ ಹೆಚ್ಚಾಗಿದ್ದವು. 1990ರ ದಶಕದಲ್ಲಿ ವಿಜ್ಞಾನಿಗಳು ಅವನ ಕುಟುಂಬವನ್ನು ಪರೀಕ್ಷಿಸಿ, ಕೆಂಪುಕಣಗಳ ಉತ್ಪತ್ತಿಯನ್ನು ಹತೋಟಿಯಲ್ಲಿಡುವ ಒಂದು ವಂಶವಾಹಿಯಲ್ಲಿ ಬದಲಾವಣೆ ಇರುವುದನ್ನು ಕಂಡುಹಿಡಿದರು. ದಮ್ಮಿಗೆ ನೇರವಾಗಿ ನೆರವಾಗುವ ವಂಶವಾಹಿಯ ಸ್ಪಷ್ಟ ಉದಾಹರಣೆ ಇದು. ಆದರೆ ಅದು ಒಂದು ಕುಟುಂಬದ ಸ್ವತ್ತು, ಇಡೀ ಫಿನ್‌ಲೆಂಡಿನದಲ್ಲ. ಆ ಬದಲಾವಣೆ ಇದ್ದ ಅವನ ಬಂಧುಗಳೆಲ್ಲರೂ ಚಾಂಪಿಯನ್ನರೂ ಆಗಲಿಲ್ಲ.

ಇನ್ನೊಂದು ಹೆಸರುವಾಸಿಯಾದ ವಂಶವಾಹಿ ಎ.ಸಿ.ಟಿ.ಎನ್.3. ಜಿಗಿತ ಮತ್ತು ವೇಗದ ಓಟಕ್ಕೆ ಬೇಕಾದ ಸ್ನಾಯುತಂತುಗಳಲ್ಲಿ ಒಂದು ಪ್ರೋಟೀನನ್ನು ಅದು ತಯಾರಿಸುತ್ತದೆ. ಜಗತ್ತಿನಲ್ಲಿ ಸುಮಾರು ಶೇಕಡಾ 18ರಷ್ಟು ಜನರಲ್ಲಿ ಈ ಪ್ರೋಟೀನು ಇಲ್ಲವೇ ಇಲ್ಲ. ಇಲ್ಲದವರು ದೂರದ ಓಟಕ್ಕೆ ಹೆಚ್ಚು ಒಗ್ಗುತ್ತಾರೆ ಎಂದು ಕೆಲವರು ಊಹಿಸಿದರು. ಕೀನ್ಯಾದವರನ್ನು ಪರೀಕ್ಷಿಸಿ ನೋಡಿದಾಗ ಅಂಥವರು ಅಲ್ಲಿ ತೀರಾ ಅಪರೂಪವೆಂದು ಗೊತ್ತಾಯಿತು! ಜಗತ್ತಿನ ಶ್ರೇಷ್ಠ ದೂರ ಓಟಗಾರರ ನಾಡಿನಲ್ಲೇ 'ದೂರದ ಓಟದ ವಂಶವಾಹಿ' ಇರಲಿಲ್ಲ. ಒಂದು ವಂಶವಾಹಿಯನ್ನು ನೋಡಿ ಓಟಗಾರನ ಭವಿಷ್ಯ ಹೇಳುವ ಕನಸಿಗೆ ಇದು ದೊಡ್ಡ ಪೆಟ್ಟು.

ಮೂರನೆಯ ಉದಾಹರಣೆ ನಿಮಗೆ ಹೆಚ್ಚು ಉಪಯುಕ್ತ. ಕ್ಲೋಡ್ ಬುಶಾರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 'ಹೆರಿಟೇಜ್' ಎಂಬ ಅಧ್ಯಯನ ನಡೆಸಿದರು. ವ್ಯಾಯಾಮದ ಅಭ್ಯಾಸವೇ ಇಲ್ಲದ 481 ಜನರಿಗೆ, 98 ಕುಟುಂಬಗಳವರಿಗೆ, 20 ವಾರ ಒಂದೇ ಬಗೆಯ ತರಬೇತಿ ಕೊಟ್ಟರು. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕವನ್ನು ಮೊದಲೂ ಕೊನೆಯಲ್ಲೂ ಅಳೆದರು. ಕೆಲವರಲ್ಲಿ ಸುಧಾರಣೆ ಕಾಣಲೇ ಇಲ್ಲ. ಕೆಲವರಲ್ಲಿ ಅದು ನಿಮಿಷಕ್ಕೆ ಒಂದು ಲೀಟರಿಗಿಂತ ಹೆಚ್ಚಾಯಿತು. ಈ ವ್ಯತ್ಯಾಸದಲ್ಲಿ ಹೆಚ್ಚೆಂದರೆ ಶೇಕಡಾ 47ರಷ್ಟು ಕುಟುಂಬದಿಂದ ಬಂದದ್ದೆಂದು ಲೆಕ್ಕ ಹಾಕಲಾಯಿತು.

ಈ 47 ಎಂಬ ಅಂಕಿಯನ್ನು ಎಚ್ಚರದಿಂದ ಓದಬೇಕು. ನಿಮ್ಮ ಓಟದ ಅರ್ಧ ಭಾಗ ಹುಟ್ಟಿನಿಂದ ಬಂದಿದೆ ಎಂದು ಇದರ ಅರ್ಥವಲ್ಲ. ಒಂದೇ ಬಗೆಯ ತರಬೇತಿ ಪಡೆದವರ ನಡುವಣ ವ್ಯತ್ಯಾಸದ ಮಾತು ಇದು. ಸುರಪುರ, ಶಹಾಪುರದ ರೈತರ ಮಕ್ಕಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದೇ ಹೊಲದಲ್ಲಿ ಬಿತ್ತಿದ ಜೋಳದ ತೆನೆಗಳಲ್ಲಿ ದೊಡ್ಡದು ಸಣ್ಣದು ಇರುವುದು ಬೀಜದ ಗುಣದಿಂದ. ಆದರೆ ನಾರಾಯಣಪುರದ ಕಾಲುವೆಯ ನೀರು ಬಂದ ಹೊಲಕ್ಕೂ ಮಳೆಯನ್ನೇ ನಂಬಿದ ಹೊಲಕ್ಕೂ ಇಳುವರಿಯಲ್ಲಿ ಇರುವ ಅಂತರ ನೀರಿನಿಂದ. ಒಣಹೊಲದ ಬೆಳೆಯನ್ನು ನೋಡಿ ಬೀಜವನ್ನು ಹಳಿಯುವ ರೈತ ಇಲ್ಲ. ಮಕ್ಕಳ ವಿಷಯದಲ್ಲಿ ನಾವು ಆ ತಪ್ಪನ್ನೇ ಮಾಡುತ್ತೇವೆ.

ಮನುಷ್ಯ ಕುಲದ ಪಿತ್ರಾರ್ಜಿತ

ಹೆಬ್ಬಾತಿನ ಹಿಮೋಗ್ಲೋಬಿನ್ ಮಾರ್ಪಾಡು ಬೋನಾಳಕ್ಕೆ ಬರುವ ಒಂದು ಗುಂಪಿನದಲ್ಲ, ಆ ಜಾತಿಯ ಹಕ್ಕಿಗಳೆಲ್ಲದರದು. ಮನುಷ್ಯರಿಗೂ ಅಂಥದೊಂದು ಸಮಾನ ಪಿತ್ರಾರ್ಜಿತ ಇದೆಯೇ? ಇದೆ ಎನ್ನುತ್ತಾರೆ ಅನೇಕ ವಿಜ್ಞಾನಿಗಳು.

2004ರಲ್ಲಿ ಡೆನಿಸ್ ಬ್ರಾಂಬಲ್ ಮತ್ತು ಡೇನಿಯಲ್ ಲೀಬರ್‌ಮನ್ ಒಂದು ವಾದ ಮಂಡಿಸಿದರು. ಸುಮಾರು 20 ಲಕ್ಷ ವರ್ಷಗಳ ಹಿಂದೆ ನಮ್ಮ ಪೂರ್ವಿಕರ ದೇಹ ದೂರದ ಓಟಕ್ಕೆ ತಕ್ಕಂತೆ ರೂಪುಗೊಂಡಿತು ಎಂಬುದು ಅವರ ವಾದ. ನಿಮ್ಮ ದೇಹವನ್ನೇ ನೋಡಿಕೊಳ್ಳಿ. ಹಿಮ್ಮಡಿಯ ಮೇಲಿನ ಉದ್ದನೆಯ ಸ್ನಾಯುರಜ್ಜು ಪ್ರತಿ ಹೆಜ್ಜೆಗೂ ಸ್ಪ್ರಿಂಗಿನಂತೆ ಶಕ್ತಿಯನ್ನು ಹಿಡಿದು ಮರಳಿ ಕೊಡುತ್ತದೆ. ಕತ್ತಿನ ಹಿಂದಿನ ಬಂಧ ಓಡುವಾಗ ತಲೆ ಅಲುಗದಂತೆ ಹಿಡಿಯುತ್ತದೆ. ಪೃಷ್ಠದ ದೊಡ್ಡ ಸ್ನಾಯು ಮುಗ್ಗರಿಸದಂತೆ ಕಾಯುತ್ತದೆ. ರೋಮ ಕಡಿಮೆಯಾದ ಚರ್ಮದ ತುಂಬ ಲಕ್ಷಗಟ್ಟಲೆ ಬೆವರಿನ ಗ್ರಂಥಿಗಳಿವೆ. ಚಿರತೆ ನಮಗಿಂತ ಎಷ್ಟೋ ಪಾಲು ವೇಗವಾಗಿ ಓಡುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಬೆವರಿ ತಣ್ಣಗಾಗುತ್ತಾ ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡುವ ವಿದ್ಯೆಯಲ್ಲಿ ಮನುಷ್ಯನಿಗೆ ಸಾಟಿಯಾದ ಪ್ರಾಣಿಗಳು ಬಹಳ ಕಡಿಮೆ. ಕಲಹರಿ ಮರುಭೂಮಿಯ ಸಾನ್ ಬೇಟೆಗಾರರು ಜಿಂಕೆಯಂಥ ಪ್ರಾಣಿಯನ್ನು ಅದು ಸೋತು ನಿಲ್ಲುವವರೆಗೂ ಅಟ್ಟಿಸಿಕೊಂಡು ಹೋಗುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

2018ರಲ್ಲಿ ಇದಕ್ಕೆ ವಂಶವಾಹಿಯ ಕಡೆಯಿಂದಲೂ ಒಂದು ಸುಳಿವು ಸಿಕ್ಕಿತು. ಅಮೆರಿಕದ ಸ್ಯಾನ್ ಡಿಯೇಗೊ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಜಿತ್ ವರ್ಕಿ ಮತ್ತು ಸಂಗಡಿಗರು ಸಿ.ಎಂ.ಎ.ಎಚ್. ಎಂಬ ವಂಶವಾಹಿಯನ್ನು ಅಧ್ಯಯನ ಮಾಡಿದರು. ವರ್ಕಿಯವರು ವೈದ್ಯಶಿಕ್ಷಣ ಪಡೆದದ್ದು ನಮ್ಮ ನೆರೆಯ ವೆಲ್ಲೂರಿನಲ್ಲಿ. ಚಿಂಪಾಂಜಿಯಲ್ಲಿ ಕೆಲಸ ಮಾಡುವ ಈ ವಂಶವಾಹಿ, ಸುಮಾರು 20ರಿಂದ 30 ಲಕ್ಷ ವರ್ಷಗಳ ಹಿಂದೆ ಮನುಷ್ಯನ ಪೂರ್ವಿಕರಲ್ಲಿ ಕೆಟ್ಟು ನಿಂತುಹೋಯಿತು. ಪ್ರಯೋಗಾಲಯದ ಇಲಿಗಳಲ್ಲಿ ಅದೇ ವಂಶವಾಹಿಯನ್ನು ನಿಲ್ಲಿಸಿ ಓಡಿಸಿದಾಗ, ಅವು ಉಳಿದ ಇಲಿಗಳಿಗಿಂತ ಹೆಚ್ಚು ದೂರ ಓಡಿದವು, ಸ್ನಾಯುಗಳು ಬೇಗ ದಣಿಯಲಿಲ್ಲ. ಇಲಿಯ ಫಲಿತಾಂಶವನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸಲಾಗದು. ಆದರೆ ಒಂದು ಮಾತು ನಿಶ್ಚಯ. ಆ ವಂಶವಾಹಿ ಕೆಟ್ಟಿರುವುದು ಯಾವುದೋ ಒಂದು ಜನಾಂಗದಲ್ಲಲ್ಲ, ಮನುಷ್ಯರೆಲ್ಲರಲ್ಲೂ. ಕೀನ್ಯಾದವನಲ್ಲೂ, ಫಿನ್‌ಲೆಂಡಿನವನಲ್ಲೂ, ಸಿದ್ದಿ ಹುಡುಗಿಯಲ್ಲೂ, ನಿಮ್ಮಲ್ಲೂ.

ಕೊನೆಯ ಮಾತು

ಚರಿತ್ರೆ ಮತ್ತು ವಿಜ್ಞಾನ ಇಲ್ಲಿ ಒಂದೇ ಮಾತನ್ನು ಹೇಳುತ್ತಿವೆ. ದೂರ ಓಡುವ ಶಕ್ತಿಯ ಮೂಲ ಬಂಡವಾಳ ಮನುಷ್ಯ ಕುಲದ ಸಮಾನ ಸ್ವತ್ತು. ಅದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಅಳತೆಯ ಪಾಲನ್ನು ಹುಟ್ಟು ಕೊಡುತ್ತದೆ. ಆ ಪಾಲು ಎಷ್ಟೆಂಬುದನ್ನು ಜಾತಿಯ ಹೆಸರಾಗಲಿ, ಚರ್ಮದ ಬಣ್ಣವಾಗಲಿ, ಊರಿನ ಖ್ಯಾತಿಯಾಗಲಿ ಹೇಳಲಾರವು. ಓಡಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಓಡಿ ನೋಡುವ ಅವಕಾಶವನ್ನು ಸಮಾಜ ಕೊಡಬೇಕು. ಚೌಗಲೆಯವರಿಗೆ ಅದು ಪುಣೆಯ ಒಂದು ಕ್ರೀಡಾಕೂಟದಿಂದ ಸಿಕ್ಕಿತು. ಸಿದ್ದಿ ಮಕ್ಕಳಿಗೆ ಆರು ವರ್ಷ ಸಿಕ್ಕಿ ಕೈತಪ್ಪಿತು. ಹೆಣ್ಣುಮಕ್ಕಳಿಗೆ ಮೂವತ್ತೆರಡು ವರ್ಷ ಸಿಗಲೇ ಇಲ್ಲ.

ನೀವು ಆರೋಗ್ಯವಾಗಿದ್ದರೆ ನಿಮ್ಮ ಶಾಲೆ ಕಾಲೇಜಿನ ಮೈದಾನದಲ್ಲಿ ಒಂದು ಪ್ರಯೋಗ ಮಾಡಬಹುದು. ದೈಹಿಕ ಶಿಕ್ಷಣದ ಮೇಷ್ಟರನ್ನು ಕೇಳಿ, ಗೆಳೆಯ ಗೆಳತಿಯರೊಡನೆ ಬೆಳಗಿನ ತಂಪಿನಲ್ಲಿ ಎರಡು ಕಿಲೋಮೀಟರ್ ಓಡಿ, ಹಿಡಿದ ಕಾಲವನ್ನು ಪುಸ್ತಕದಲ್ಲಿ ಬರೆದಿಡಿ. ವಾರಕ್ಕೆ ಮೂರು ದಿನದಂತೆ 20 ವಾರ, ನಿಧಾನವಾಗಿ, ತಪ್ಪದೆ ಓಡಿ. ಮತ್ತೆ ಕಾಲವನ್ನು ಅಳೆಯಿರಿ. ನಿಮ್ಮ ತರಗತಿಯಲ್ಲಿ ಯಾರು ಎಷ್ಟು ಸುಧಾರಿಸಿದರೆಂದು ನೋಡಿ. ಮೊದಲ ದಿನ ಕೊನೆಯವನಾಗಿ ಬಂದವನ ಹೆಸರನ್ನು ಮರೆಯದೆ ಹುಡುಕಿ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಇಬ್ನ್ ಬತೂತ ಕಂಡ ಕಾಲ್ನಡೆ ಅಂಚೆ ಕುದುರೆಯ ಅಂಚೆಯನ್ನು ಮೀರಿಸಲು ಕಾರಣವೇನು?

2. 1928ರಲ್ಲಿ ಮಹಿಳೆಯರ 800 ಮೀಟರ್ ಓಟವನ್ನು ಕೈಬಿಟ್ಟವರ ತರ್ಕಕ್ಕೂ 1987ರ ಸಿದ್ದಿ ಯೋಜನೆಯ ತರ್ಕಕ್ಕೂ ಇರುವ ಹೋಲಿಕೆ ಯಾವುದು?

3. ನಿಮ್ಮ ಊರಿನಲ್ಲಿ "ಇದು ಅವರ ರಕ್ತದಲ್ಲೇ ಇದೆ" ಎಂದು ಯಾವ ಕೆಲಸದ ಬಗ್ಗೆ, ಯಾರ ಬಗ್ಗೆ ಹೇಳುತ್ತಾರೆ? ಆ ಕೆಲಸವನ್ನು ಬೇರೆಯವರಿಗೆ ಕಲಿಸಿ ನೋಡಿದ್ದಾರೆಯೇ?